ಭೀಮಾದ ವೈರು ಕಿತ್ತ ಸಂಜೆ

ನಳಿನಿಯ ಕೈಗೆ ಹೊಸ ವಸ್ತುವೊಂದನ್ನು ಕೊಟ್ಟರೆ ಅದು ಹೇಗೆ ನಡೆಯುತ್ತದೆ ಎಂದು ಅವಳು ನೋಡುತ್ತಿರಲಿಲ್ಲ, ಹೇಗೆ ಕೆಡುತ್ತದೆ ಎಂದು ನೋಡುತ್ತಿದ್ದಳು. ಹೈದರಾಬಾದಿನ ಬಾಲಾನಗರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಅಪ್ಪ ಶಾಂತಪ್ಪ ಬಸವಕಲ್ಯಾಣದ ಕಡೆಯಿಂದ ಬಂದು ಅಲ್ಲಿ ಫಿಟ್ಟರ್ ಆಗಿದ್ದವರು. ಒಮ್ಮೆ ಅವರು ತಂದ ಹೊಸ ಟಾರ್ಚನ್ನು ಮಗಳು ನೀರಿನ ಬಕೆಟ್ಟಿಗೆ ಇಳಿಸಿದಳು. ಅದು ಎರಡು ಸಲ ಮಿಣುಕಿ ಆರಿಹೋಯಿತು. ಅವ್ವ ಕೈಯೆತ್ತಿಕೊಂಡು ಬಂದಾಗ ಶಾಂತಪ್ಪನೇ ಅಡ್ಡ ನಿಂತರು.

"ಬಿಡು, ಮಳ್ಯಾಗ ಆರಿದ್ರ ಯಾರಿಗೆ ಬೈಯಾಕಿ ಇದ್ದಿ? ಈಗ ಗೊತ್ತಾತಲ್ಲ, ಮಾಲು ಖೋಟಾ ಐತಿ ಅಂತ."

ಡಿಪ್ಲೊಮಾ ಮುಗಿಸಿದ ಮೇಲೆ ಅವಳು ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಫ್ಯಾನಿನ ರೆಗ್ಯುಲೇಟರ್ ತಪಾಸಣೆಗೆ ಸೇರಿದಳು. ಸಾಲಾಗಿ ಕೂತ ಹೆಂಗಸರು ಗುಂಡಿ ತಿರುಗಿಸಿ ನೋಡಬೇಕು, ಸಾಲಿನ ಕೊನೆಯಲ್ಲಿ ನಿಂತ ಗಂಡಸು ಮೊಹರು ಒತ್ತಬೇಕು. ನೋಡುವವರ ಹೆಸರು ಚೆಕರ್, ಒತ್ತುವವನ ಹೆಸರು ಇನ್‌ಸ್ಪೆಕ್ಟರ್. ಸಂಬಳವೂ ಹೆಸರಿಗೆ ತಕ್ಕಂತೆ. ನಳಿನಿ ಗುಂಡಿಯನ್ನು ಹಿಂದಕ್ಕೂ ತಿರುಗಿಸಿ ನೋಡುತ್ತಿದ್ದಳು. ಇನ್‌ಸ್ಪೆಕ್ಟರಿಗೆ ಅದು ಸರಿಬರಲಿಲ್ಲ. ಉಲ್ಟಾ ಯಾಕೆ ತಿರುಗಿಸುತ್ತಿದ್ದೀ ಎಂದು ತನ್ನ ಹೈದರಾಬಾದಿ ಹಿಂದಿಯಲ್ಲಿ ಕೇಳಿದ.

"ಉಲ್ಟಾ ಕಾಯ್ಕು ಘುಮಾರೀ ಅಮ್ಮಾ?"

"ಮನೇ ಮಕ್ಕಳು ನಿಮ್ಮನ್ನ ಕೇಳಿ ಸೀದಾ ತಿರುಗಿಸ್ತಾರೇನು ಸಾಬ್?" ಎಂದು ಅವಳು ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ಕೇಳಿದಾಗ ಸಾಲಿಗೆ ಸಾಲೇ ನಕ್ಕಿತ್ತು.

ಆಗ ಊರೆಲ್ಲ ಅಮೀರ್‌ಪೇಟೆಯ ದಾರಿ ಹಿಡಿದಿತ್ತು. ಮಹಡಿ ಮಹಡಿಗೂ ಕಂಪ್ಯೂಟರ್ ಕ್ಲಾಸು, ಗೋಡೆ ಗೋಡೆಗೂ ಬೋರ್ಡು. ಬಂದವರೆಲ್ಲ ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಸಾಲು ನಿಂತರೆ ನಳಿನಿ ಬೇರೆಯವರು ಬರೆದದ್ದನ್ನು ಪರೀಕ್ಷೆ ಮಾಡುವ ಕ್ಲಾಸು ಎಲ್ಲಿದೆ ಎಂದು ಹುಡುಕಿದಳು. ಅದನ್ನು ಕಲಿಸುವ ಮೇಷ್ಟ್ರೇ ಸಮಾಧಾನ ಹೇಳುವ ದನಿಯಲ್ಲಿ, "ಪರವಾಗಿಲ್ಲಮ್ಮ, ಲೇಡೀಸ್‌ಗೆ ಟೆಸ್ಟಿಂಗ್ ಒಳ್ಳೇದು, ತಲೆಬಿಸಿ ಇಲ್ಲ" ಎಂದಿದ್ದರು. ಅವಳು ಮಾಧಾಪುರದ ಕಂಪನಿಯೊಂದಕ್ಕೆ ಸೇರಿದಳು. ಬಾಲಾನಗರದಲ್ಲೇ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ ಮೋಹನನನ್ನು ಮದುವೆಯಾದಳು. ಮಗಳು ಪೂರ್ವಿ ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಅದೇ ಕಂಪನಿಯ ಬಾಗಿಲು ಮತ್ತೆ ತಟ್ಟಿದಳು.

ಇಂಟರ್‌ವ್ಯೂ ಮಾಡಿದವನು ಪ್ರಜ್ವಲ, ಮೈಸೂರಿನ ಕಡೆಯವನು, ಅವಳಿಗಿಂತ ಚಿಕ್ಕವನು. ನಗುಮುಖದವನು. "ನಡುವೆ ಇಷ್ಟು ವರ್ಷ ಗ್ಯಾಪ್ ಇದೆಯಲ್ಲ, ಏನ್ ಮಾಡ್ತಿದ್ರಿ?" ಎಂದು ಕೇಳಿದ.

"ಪ್ಲ್ಯಾನಿಂಗ್," ಎಂದಳು ನಳಿನಿ.

ಅವನು ಜೋರಾಗಿ ನಕ್ಕ. ಅವಳು ತಮಾಷೆ ಮಾಡಿರಲಿಲ್ಲ. ಶನಿವಾರ ಬಿಳಿ ಯೂನಿಫಾರಂ, ಗುರುವಾರ ಅತ್ತೆಯ ಒಪ್ಪತ್ತು, ಗಂಡನ ಶಿಫ್ಟು ಬದಲಾಗುವ ವಾರ, ಗ್ಯಾಸು ಮುಗಿಯುವ ಸೂಚನೆ, ಕೊಳಾಯಿಗೆ ನೀರು ಬರುವ ದಿನ. ಇವೆಲ್ಲ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಲೆಯಲ್ಲಿ ಜೋಡಿಸಿಟ್ಟುಕೊಂಡೇ ದಿನಾ ಬೆಳಿಗ್ಗೆ ಏಳುತ್ತಿದ್ದಳು ಅಷ್ಟೂ ವರ್ಷ. ಅನ್ನ ಬಡಿಸುವ ಕೈ ಎಲ್ಲರಿಗೂ ಕಾಣುತ್ತದೆ. ಅಕ್ಕಿ ಮುಗಿಯುತ್ತ ಬಂದದ್ದನ್ನು ನೆನಪಿಟ್ಟುಕೊಂಡ ತಲೆ ಯಾರಿಗೂ ಕಾಣುವುದಿಲ್ಲ.

ಕಂಪನಿಯಲ್ಲಿ ಅವಳ ಪಾಲಿಗೆ ಬಂದದ್ದೂ ಅಂಥದೇ ಕೆಲಸ. ಆಸ್ಪತ್ರೆಗಳಿಗಾಗಿ ಒಂದು ಸಾಫ್ಟ್‌ವೇರ್ ತಯಾರಾಗುತ್ತಿತ್ತು, ಹೊರದೇಶದ ಗಿರಾಕಿಗೆ. ಯಾವ ರೋಗಿಗೆ ಯಾವ ಔಷಧ, ಎಷ್ಟು, ಯಾವ ಹೊತ್ತಿಗೆ ಎಂದು ನರ್ಸುಗಳು ಪರದೆಯ ಮೇಲೆ ನೋಡಿಕೊಂಡು ಕೊಡಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಒಂದೇ ಥರದ ಯಂತ್ರಗಳಿದ್ದರೆ ಮಾತೇ ಇರಲಿಲ್ಲ. ಒಂದು ಕಡೆ ಹೊಸ ಸರ್ವರ್, ಇನ್ನೊಂದು ಕಡೆ ಅಜ್ಜನ ಕಾಲದ್ದು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಬ್ಬರದು ಹಳೆಯ ಬ್ರೌಸರ್, ಒಬ್ಬರದು ಅದರದೇ ಹೊಸ ಅವತಾರ, ಮತ್ತೊಬ್ಬರದು ನರಿಯ ಚಿತ್ರದ್ದು. ಯಾವುದರಲ್ಲಿ ತೆರೆದರೂ ಔಷಧದ ಅಳತೆ ಒಂದೇ ಕಾಣಬೇಕು. ಕೈಯಿಂದ ನೋಡುತ್ತ ಕೂತರೆ ಒಂದು ಮಳೆಗಾಲ ಹೋಗಿ ಇನ್ನೊಂದು ಬರುತ್ತಿತ್ತು. ಅದಕ್ಕೇ ಪರೀಕ್ಷೆಯನ್ನು ಯಂತ್ರಕ್ಕೇ ಕಲಿಸುವುದು. ಅದು ತಾನಾಗಿ ಪುಟ ತೆರೆಯುತ್ತದೆ, ರೋಗಿಯ ಹೆಸರು ತುಂಬುತ್ತದೆ, ಬಂದ ಉತ್ತರವನ್ನು ಓದುತ್ತದೆ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಬೇಸರ ಅದಕ್ಕಿಲ್ಲ.

ಆದರೆ ಯಾವುದನ್ನು ಯಾವುದರ ಜೊತೆ ಇಟ್ಟು ನೋಡಬೇಕೆಂದು ಯಂತ್ರ ಹೇಳುವುದಿಲ್ಲ. ಅದನ್ನು ಯಾರಾದರೂ ಕೂತು ಯೋಚಿಸಬೇಕು.

"ಎಲ್ಲವನ್ನೂ ಎಲ್ಲದರ ಜೊತೆ ಓಡಿಸ್ಬಿಡೋಣ," ಎಂದಿದ್ದ ಪ್ರಜ್ವಲ, ತಾರೀಖು ಒಪ್ಪಿಕೊಂಡು ಬಂದ ಮೇಲೆ.

"ಮದುವ್ಯಾಗ ಎಲ್ಲಾ ಬೀಗರ ಜೋಡಿ ಎಲ್ಲಾ ಬೀಗರನ್ನೂ ಎಲ್ಲಾ ಪಂಕ್ತ್ಯಾಗೂ ಕುಂದರಸ್ತೀನಿ ಅಂದ್ರ ಊಟ ಮುಗಿಯಾದು ಯಾವಾಗ್ರಿ?" ಎಂದಳು ನಳಿನಿ. "ಪ್ರತಿ ಇಬ್ಬರೂ ಒಂದೊಂದು ಪಂಕ್ತ್ಯಾಗ ಮುಖಾಮುಖಿ ಆದ್ರ ಸಾಕು. ಜಗಳ ಇದ್ದದ್ದು ಅಲ್ಲೇ ಹೊರಬೀಳತೈತಿ."

ಬಿಳಿ ಬೋರ್ಡಿನ ಮೇಲೆ ಅವಳು ಎಳೆದ ಚೌಕಗಳು ಸುಂದರವಾಗಿದ್ದವು. ಪ್ರತಿ ಸರ್ವರಿಗೂ ಪ್ರತಿ ಬ್ರೌಸರ್ ಒಮ್ಮೆಯಾದರೂ ಎದುರಾಗುವಂತೆ, ಒಂದೇ ಯಂತ್ರ ಎರಡು ಕಡೆ ಬೇಕಾಗದಂತೆ, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಸಿದ್ಧವಿರುವಂತೆ ಜೋಡಿಸಿದ್ದಳು. ಮೂರು ಬಗೆಯ ಸರ್ವರುಗಳಿಗೆ ನದಿಗಳ ಹೆಸರಿಟ್ಟಳು. ಹೊಸದು ಕೃಷ್ಣಾ, ನಡುವಿನದು ತುಂಗಾ, ಎಲ್ಲಕ್ಕಿಂತ ಹಳೆಯದು ಭೀಮಾ.

"ಈ ರಿಲೀಸ್ ತಾರೀಖಿಗೆ ಸರಿಯಾಗಿ ಹೋಗ್ಲಿ," ಎಂದ ಪ್ರಜ್ವಲ, ಬೋರ್ಡು ನೋಡುತ್ತ. "ಸೋಮವಾರದ ಕಾಲ್‌ನಲ್ಲಿ ಗಿರಾಕಿ ಮುಂದೇನೇ ಹೇಳ್ತೀನಿ, ಲ್ಯಾಬ್ ಇನ್ನು ಮೇಲೆ ನಿಮ್ಮದು ಅಂತ."

ಲ್ಯಾಬ್ ಲೀಡ್. ಆ ಪರೀಕ್ಷಾ ಕೋಣೆಗೆ, ಅದರಲ್ಲಿನ ಯಂತ್ರಗಳಿಗೆ, ಅಲ್ಲಿ ಏನು ಯಾವಾಗ ನಡೆಯಬೇಕೆಂಬ ತೀರ್ಮಾನಕ್ಕೆ ಅವಳೇ ಯಜಮಾನಿ. ಮಗು ಹೆತ್ತು ಮರಳಿ ಬಂದ ಹೆಂಗಸರಿಗೆ ಆ ಕಟ್ಟಡದಲ್ಲಿ ಸಿಗುತ್ತಿದ್ದದ್ದು ಬೇರೆಯವರು ಉಳಿಸಿಹೋದ ಕೆಲಸ. ಇದು ಸಿಕ್ಕರೆ ಅವಳದೇ ಕೆಲಸ. ಅವಳಿಗೆ ಅದು ಬೇಕಿತ್ತು. ಬೇಕು ಎಂದು ತನ್ನಷ್ಟಕ್ಕೆ ಒಪ್ಪಿಕೊಳ್ಳಲೂ ನಾಚಿಕೆಪಡಲಿಲ್ಲ.

ಕೆಲಸ ಬೇಗ ಸಾಗಲೆಂದು ಅವಳು ಒಂದು ಉಪಾಯ ಮಾಡಿದಳು. ಪರೀಕ್ಷೆ ಓಡಿಸುವ ಕಂಪ್ಯೂಟರುಗಳನ್ನು ಒಂದೊಂದಾಗಿ ಸಜ್ಜು ಮಾಡುವ ಬದಲು ಒಂದನ್ನು ಚೆನ್ನಾಗಿ ಸಿದ್ಧಮಾಡಿ, ಅಚ್ಚು ಹೊಡೆದ ಹಾಗೆ ಉಳಿದವಕ್ಕೆಲ್ಲ ಅದರದೇ ನಕಲು ಹಾಕಿಸುವುದು. ಮೊದಲನೆಯದನ್ನು ತಾನೇ ಸಜ್ಜುಗೊಳಿಸುತ್ತಿದ್ದಾಗ ತುಂಗಾ, ಭೀಮಾ ಎರಡೂ ಇನ್ನೂ ಬಂದಿರಲಿಲ್ಲ. ಯಾವ ಹೆಸರು ಕರೆದರೆ ಯಾವ ಯಂತ್ರದ ಬಾಗಿಲಿಗೆ ಹೋಗಬೇಕೆಂದು ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಒಂದು ಸಣ್ಣ ಫೈಲು ಇರುತ್ತದೆ. ಸದ್ಯಕ್ಕೆ ಇರಲಿ ಎಂದು ಮೂರೂ ಹೆಸರುಗಳ ಮುಂದೆ ಕೃಷ್ಣಾದ ವಿಳಾಸವನ್ನೇ ಬರೆದಳು. ನಾಳೆ ತಿದ್ದಿದರಾಯಿತು.

ಅಷ್ಟರಲ್ಲಿ ಶಾಲೆಯಿಂದ ಫೋನ್ ಬಂತು. ಪೂರ್ವಿಗೆ ಜ್ವರ. ಮೋಹನನ ಕಾರ್ಖಾನೆ ಶಾಲೆಗೆ ಹತ್ತಿರ, ಅವಳ ಕಚೇರಿ ಊರಿನ ಆ ತುದಿ. ಶಾಲೆಯವರು ಫೋನ್ ಮಾಡುವುದು ಮಾತ್ರ ತಾಯಿಗೆ. ನಳಿನಿ ಬ್ಯಾಗು ಎತ್ತಿಕೊಂಡು ಓಡಿದಳು. "ಕೃಪಾ, ನಕಲು ಹಾಕಿಸಿಬಿಡವ್ವಾ" ಎಂದು ತನ್ನ ಕೈಕೆಳಗಿನ ಮಂಗಳೂರಿನ ಹುಡುಗಿಗೆ ಲಿಫ್ಟಿನ ಬಾಗಿಲಿನಿಂದಲೇ ಕೂಗಿ ಹೇಳಿದಳು. ಕೃಪಾ ಹಾಕಿಸಿದಳು. ಜ್ವರ ಇಳಿದು, ತುಂಗಾ ಭೀಮಾ ಎರಡೂ ಲ್ಯಾಬಿಗೆ ಬಂದು ಕೂರುವ ಹೊತ್ತಿಗೆ ಆ ಫೈಲು ನಳಿನಿಯ ತಲೆಯಿಂದಲೂ ಇಳಿದುಹೋಗಿತ್ತು.

ರಿಲೀಸ್ ಹತ್ತಿರವಾದಂತೆ ಮನೆಯಲ್ಲೂ ಒಂದು ಏರ್ಪಾಡಾಯಿತು. ಕೂಕಟ್‌ಪಲ್ಲಿಯ ಆ ಮನೆಗೆ ಮೊದಲು ಬರುವವನು ಮೋಹನ. ಅವನ ಶಿಫ್ಟು ಮುಗಿದು, ಚಹಾ ಕುಡಿದು, ಒಂದು ನಿದ್ದೆ ತೆಗೆದು ಎದ್ದ ಎಷ್ಟೋ ಹೊತ್ತಿಗೆ ನಳಿನಿಯ ಬಸ್ಸು ಇನ್ನೂ ಟ್ರಾಫಿಕ್ಕಿನಲ್ಲಿರುತ್ತಿತ್ತು.

"ಈ ಎರಡು ವಾರ ಮನಿ ನಿಮ್ಮದು," ಎಂದಳು ಅವಳು. "ಪೂರ್ವಿನ್ನ ಬಸ್ಸಿನಿಂದ ಕರ್ಕೊಂಡು ಬರೋದು, ರಾತ್ರಿ ಅಡುಗಿ, ಅಕಿ ಯೂನಿಫಾರಂ, ಅತ್ತಿಯವರ ಗುಳಿಗಿ. ಆಗ್ತೈತೇನ್ರಿ?"

"ಅದರಾಗೇನೈತಿ? ಕಾರ್ಖಾನ್ಯಾಗ ಇಡೀ ಸೆಕ್ಷನ್ ನಡಸ್ತೀನಿ, ಇದೊಂದು ಮನಿ ನಡಸಾಕಾಗಂಗಿಲ್ಲೇನು?" ಎಂದ ಮೋಹನ. ಒಳ್ಳೆಯ ಮನುಷ್ಯ, ಜಗಳಗಂಟನಲ್ಲ. ಕೆಲಸ ಹೇಳಿದರೆ ಇಲ್ಲ ಎನ್ನುತ್ತಿರಲಿಲ್ಲ.

ದಿನಾ ಸಂಜೆ ಅವಳು ಫೋನ್ ಮಾಡಿ, "ಊಟ ಆತೇನ್ರಿ? ಪೂರ್ವಿ ಬಂದಳೇನ್ರಿ? ಗುಳಿಗಿ ಆತೇನ್ರಿ?" ಎಂದು ಕೇಳುವಳು. "ಆತು, ಬಂದಳು, ಆತು," ಎನ್ನುವನು ಅವನು. ಅವಳಿಗೆ ಹಿಗ್ಗು. ಬಸ್ಸಿನಲ್ಲಿ ಮೊದಲ ಬಾರಿಗೆ ಕಣ್ಣು ಮುಚ್ಚಿ ಕೂತಳು.

ಗುರುವಾರ ಪರದೆಯ ತುಂಬ ಹಸಿರು ಬಂತು. ಕೃಷ್ಣಾ ಹಸಿರು, ತುಂಗಾ ಹಸಿರು, ಭೀಮಾ ಹಸಿರು. ಒಂದೇ ಒಂದು ಕೆಂಪಿಲ್ಲ. ಪ್ರಜ್ವಲ ಉಸ್ಮಾನಿಯಾ ಬಿಸ್ಕತ್ತು ತರಿಸಿದ. "ನಳಿನಿಯವ್ರೇ, ಇವತ್ತಾದ್ರೂ ಬೆಳಕಿರುವಾಗ ಮನೆಗೆ ಹೋಗಿ. ನಿಮ್ಮೆಜಮಾನ್ರಿಗೆ ನೀವು ಯಾರು ಅಂತ ಗುರುತು ಸಿಗುತ್ತಾ ನೋಡಿ," ಎಂದು ನಗಿಸಿದ. ಅವಳು ಹೋದಳು.

ಬಾಗಿಲು ತೆರೆದಿತ್ತು. ಮೋಹನ ಸೋಫಾದ ಮೇಲೆ, ಎದೆಯ ಮೇಲೆ ಪೇಪರು, ಕ್ರಿಕೆಟ್ಟಿನ ಪುಟ. ಅಡುಗೆಮನೆಯಲ್ಲಿ ಅತ್ತೆ ಜಯಮ್ಮ ಸ್ಟೂಲಿನ ಮೇಲೆ ಒಂದು ಕಾಲು ನೀಡಿ ಕೂತು, ತೊಡೆಯ ಮೇಲೆ ಪರಾತ ಇಟ್ಟುಕೊಂಡು ಜೋಳದ ಹಿಟ್ಟು ನಾದುತ್ತಿದ್ದರು. ನೀಡಿದ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ಒದ್ದೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದರು. ಪಕ್ಕದಲ್ಲಿ ಪೂರ್ವಿ ಯೂನಿಫಾರಂನಲ್ಲೇ ಕೂತು ಹಿಟ್ಟಿನ ಗುಬ್ಬಿ ಮಾಡುತ್ತಿದ್ದಳು.

"ಅತ್ತೀ, ಏನಿದು ಕಾಲು?"

"ಏ, ಬಂದ್ಯಾ? ಏನಿಲ್ಲ ಬಿಡು, ಮೆಟ್ಲಾ ಹತ್ತಿ ಇಳಿದು ಆಗೈತಿ. ಕೂಸಿನ್ನ ಬಸ್ಸಿನಿಂದ ಕರ್ಕೊಂಡು ಬರಬೇಕಲ್ಲ."

"ನೀವು ಯಾಕ ಹೋದ್ರಿ? ಅವರಿಗೆ ಹೇಳಿದ್ನಲ್ಲಾ."

"ಅಂವಾ ಮಲಗಿರ್ತಾನ. ದಣಿದು ಬಂದಿರ್ತಾನ, ಎಬ್ಬಸಾಕ ಮನಸ್ಸು ಬರಂಗಿಲ್ಲ." ಜಯಮ್ಮ ಹಿಟ್ಟನ್ನು ಒಮ್ಮೆ ಗುದ್ದಿದರು. "ಹತ್ತು ಸಲ 'ಅವ್ವಾ ನಾ ಮಾಡ್ತೀನಿ' ಅಂತಾನ. ಅಂವಾ ಅನ್ನೋದ್ರಾಗ ನನ್ನ ಕೆಲಸ ಮುಗಿದಿರತೈತಿ."

ನಳಿನಿ ನಡುಮನೆಗೆ ಬಂದು ಗಂಡನನ್ನು ಎಬ್ಬಿಸಿದಳು. "ದಿನಾ 'ಆತು' ಅಂತಿದ್ರಲ್ಲ?"

ಮೋಹನ ಕಣ್ಣುಜ್ಜಿಕೊಂಡ. ಅವನ ಮುಖದಲ್ಲಿ ಕಪಟವಿರಲಿಲ್ಲ. "ಆಗೈತಲ್ಲ? ಯಾವುದು ಆಗಿಲ್ಲ ಹೇಳು. ನೀ ಆತೇನು ಅಂತ ಕೇಳ್ದಿ. ಆತು ಅಂದೆ."

ನಿಜ. ಅವನು ಸುಳ್ಳು ಹೇಳಿರಲಿಲ್ಲ. ಅವಳು ಕೆಲಸ ಆಯಿತೇ ಎಂದು ಕೇಳಿದ್ದಳು, ಯಾರು ಮಾಡಿದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಯಾವ ಹೆಸರಿಗೆ ಹೇಳಿದರೂ ಕೆಲಸ ಹೋಗಿ ಬೀಳುತ್ತಿದ್ದದ್ದು ಒಂದೇ ಬಾಗಿಲಿಗೆ. ಆ ಬಾಗಿಲಲ್ಲಿ ಊದಿದ ಮೊಣಕಾಲಿನ ಒಬ್ಬ ಹೆಂಗಸು ಸದ್ದಿಲ್ಲದೆ ಉತ್ತರ ಕೊಡುತ್ತಿದ್ದಳು. ಮೇಲೆ ನೋಡಿದರೆ ಎಲ್ಲವೂ ಹಸಿರು.

ಅತ್ತೆಯ ಕೈಯಿಂದ ಪರಾತ ತೆಗೆದುಕೊಂಡು ನಾದಲು ಕೂತವಳು ಎರಡನೆಯ ಗುದ್ದಿಗೆ ನಿಂತುಬಿಟ್ಟಳು. ಒಂದೇ ಬಾಗಿಲು. ಕೃಷ್ಣಾದ ವಿಳಾಸ. ಶಾಲೆಯ ಫೋನು. ಆ ಫೈಲನ್ನು ತಾನು ತಿದ್ದಿದೆನೇ?

ಹಿಟ್ಟಿನ ಕೈಯಲ್ಲೇ ಕಚೇರಿಗೆ ಫೋನ್ ಹಚ್ಚಿ, ಅದನ್ನು ಕಿವಿ ಭುಜದ ನಡುವೆ ಸಿಕ್ಕಿಸಿಕೊಂಡಳು.

"ಕೃಪಾ, ಭೀಮಾದ ಬೆನ್ನಿಗೆ ನೆಟ್‌ವರ್ಕಿನ ನೀಲಿ ವೈರು ಐತಲ್ಲ. ಅದನ್ನ ಕಿತ್ತುಬಿಡು."

"ಅಕ್ಕ, ನಿಮಗೆ ಹುಷಾರುಂಟಲ್ಲ? ಎಲ್ಲ ಹಸಿರು ಬಂದು ಬಿಸ್ಕತ್ತು ತಿಂದಾದ ಮೇಲೆ ವೈರು ಕೀಳುವುದಾ?"

"ಕೀಳವ್ವ. ಕಿತ್ತು, ಭೀಮಾದ್ದು ಯಾವುದಾದರೂ ಒಂದು ಟೆಸ್ಟ್ ಓಡಸು. ನಾ ಹಿಡಕೊಂಡೇ ಇರ್ತೀನಿ."

ವೈರು ಕಿತ್ತ ಮೇಲೆ ಭೀಮಾ ಯಾರಿಗೂ ಉತ್ತರ ಕೊಡಲಾರದು. ಪರೀಕ್ಷೆ ಕೆಂಪಾಗಲೇಬೇಕು. ಕೆಂಪಾಗಲಿ ಎಂದು ನಳಿನಿ ಮನೆದೇವರನ್ನು ನೆನೆದಳು. ಕೆಂಪು ಬರಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು.

"ಅಕ್ಕ..." ಕೃಪಾಳ ದನಿ ಸಣ್ಣದಾಗಿತ್ತು. "ಹಸಿರು."

"ವೈರು ಸರಿಯಾಗಿ ಕಿತ್ತೀಯಿಲ್ಲ?"

"ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೇನೆ ಮಾರಾಯ್ರೆ. ವೈರು ನನ್ನ ಕೈಯಲ್ಲುಂಟು, ಭೀಮಾ ಪಾಸ್ ಆಗಿದೆ."

ನಳಿನಿ ಕಣ್ಣು ಮುಚ್ಚಿದಳು. ಭೀಮಾವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ತುಂಗಾವನ್ನೂ. ಅಷ್ಟೂ ದಿನ ಎಲ್ಲ ಪರೀಕ್ಷೆಗಳೂ ಕೃಷ್ಣಾದ ಬಾಗಿಲಿಗೇ ಹೋಗಿ, ಕೃಷ್ಣಾದಿಂದಲೇ ಉತ್ತರ ತಂದು, ಮೂರು ಹೆಸರಿನಲ್ಲಿ ಹಸಿರು ಹಚ್ಚಿದ್ದವು.

"ಅಕ್ಕ, ನಾನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ," ಎಂದಳು ಕೃಪಾ. "ಸೋಮವಾರ ನಿಮ್ಮ ಹೆಸರು ಹೇಳಲಿಕ್ಕುಂಟಲ್ಲ."

"ನಾ ಹೇಳ್ತೀನಿ ಕೃಪಾ. ಮುಂಜಾನಿ ಬಂದು ನಾನೇ ಹೇಳ್ತೀನಿ. ನೀ ವೈರು ಹಚ್ಚಿ ಮನಿಗೆ ಹೋಗು."

ಜಯಮ್ಮನಿಗೆ ಕುತೂಹಲ ತಡೆಯಲಿಲ್ಲ. "ಅದೇನದು, ವೈರು ಕಿತ್ರೂ ನಡೀತೈತಿ?" ನಳಿನಿ ರೊಟ್ಟಿ ಬಡಿಯುತ್ತ ವಿವರಿಸಿದಳು. ಮುದುಕಿ ಗಲ್ಲಕ್ಕೆ ಕೈಯಿಟ್ಟು ಕೇಳಿದರು.

"ಅಂದ್ರ ಭೀಮಾ ಅಲ್ಲೇ ಹಾಯಾಗಿ ಕುಂತಾಳ. ಕೃಷ್ಣಾ ಅಕಿ ಹೆಸರಿನ್ಯಾಗ ದುಡದ ದುಡದ ಸಾಯಾಕತ್ತಾಳ."

"ಹೌದ್ರಿ ಅತ್ತಿ."

ಜಯಮ್ಮ ತಲೆಬಾಗಿಲ ಕಡೆಗೊಮ್ಮೆ, ಮಗನ ಕಡೆಗೊಮ್ಮೆ ನೋಡಿದರು. ಆಮೇಲೆ ಅವರಿಗೆ ನಗು ಉಕ್ಕಿ ಬಂತು. "ಹಂಗಾರ ನನ್ನ ವೈರೂ ಒಂದ್ಸಲ ಕಿತ್ತು ನೋಡವ್ವಾ. ಈ ಮನಿ ಎಷ್ಟು ಹಸಿರು ಐತಿ ನೋಡೇಬಿಡೋಣು."

"ಏನು ಅವ್ವಾ, ನನ್ನ ಸುದ್ದಿ ಏನರ ಐತೇನು?" ಎಂದ ಮೋಹನ ಒಳಗೆ ಇಣುಕಿ.

"ನಿಂದಲ್ಲಪ್ಪ, ನಂದು. ಶಂಶಾಬಾದಿಗೆ ನನ್ನ ತಂಗಿ ಮನಿಗೆ ಹೊಂಟೀನಿ. ಕಾಲು ಇಳಿಯೋತನ ಬರಂಗಿಲ್ಲ."

ಮರುದಿನ ಬೆಳಿಗ್ಗೆ ತಂಗಿಯ ಮಗ ಕಾರು ತಂದು ದೊಡ್ಡಮ್ಮನನ್ನು ಕರೆದೊಯ್ದ. ನಳಿನಿ ಕಚೇರಿಗೆ ಹೋಗಿ ನೇರವಾಗಿ ಪ್ರಜ್ವಲನ ಮುಂದೆ ಕೂತು ಹೇಳಿದಳು. ಅವನು ಎದ್ದು ಬಾಗಿಲು ಮುಚ್ಚಿ ಬಂದ.

"ಯಾರ್ಯಾರಿಗೆ ಗೊತ್ತು?"

"ನನಗ, ಕೃಪಾಗ, ಈಗ ನಿಮಗ. ಮತ್ತ ನಮ್ಮ ಅತ್ತಿಯವರಿಗ."

"ತಮಾಷೆ ಬೇಡ ನಳಿನಿ. ನೋಡಿ, ಭೀಮಾ ಥರದ ಸರ್ವರ್ ಇಟ್ಕೊಂಡಿರೋರು ಎಲ್ಲೋ ಕೆಲವು ಸಣ್ಣ ಆಸ್ಪತ್ರೆಗಳು. ಸೋಮವಾರ ರಿಲೀಸ್ ಮಾಡ್ಬಿಡೋಣ. ಎರಡು ವಾರದಲ್ಲಿ ಸದ್ದಿಲ್ಲದೆ ಟೆಸ್ಟ್ ಮಾಡಿ ಪ್ಯಾಚ್ ಕೊಡೋಣ. ಯಾರಿಗೂ ಏನೂ ಆಗಲ್ಲ."

"ಆ ಎರಡು ವಾರ ಆ ದವಾಖಾನಿಗೆ ಯಾರೂ ಬರಂಗಿಲ್ಲೇನ್ರಿ?"

ಪ್ರಜ್ವಲ ಹಣೆ ತಿಕ್ಕಿಕೊಂಡ. ತಾರೀಖಿಗೆ ಅವನೂ ಮೇಲಿನವರಿಗೆ ಮಾತು ಕೊಟ್ಟಿದ್ದ. "ಸೋಮವಾರ ನಿಮ್ಮ ಹೆಸರು ಹೇಳ್ಬೇಕು ಅಂತಿದ್ದೆ. ಈಗ ಯಾವ ಬಾಯಲ್ಲಿ ಹೇಳ್ಲಿ?"

"ಹೇಳಬ್ಯಾಡ್ರಿ." ನಳಿನಿ ಎದ್ದು ನಿಂತಳು. "ಆದ್ರ ಆ ರಿಪೋರ್ಟು ನನ್ನ ಹೆಸರಿನ್ಯಾಗ ಹೋಗಂಗಿಲ್ಲ."

"ಯಾರ ತಪ್ಪು ಅಂತ ಕೇಳ್ತಾರೆ. ಕಾಪಿ ಹಾಕಿಸಿದ್ದು ಕೃಪಾ ಅಲ್ವಾ?"

"ಕಾಪಿ ಕೃಪಾಂದು. ಅಸಲು ನಂದು."

ಅವನು ಅವಳನ್ನೇ ನೋಡಿದ. ಕೊನೆಗೆ, "ಸೋಮವಾರದ ತನಕ ಟೈಮಿದೆ. ಏನಾಗುತ್ತೆ ನೋಡಿ. ಆದ್ರೆ ಕಾಲ್‌ನಲ್ಲಿ ಹೇಳೋದು ನೀವೇ. ನಾನು ಹೇಳಲ್ಲ," ಎಂದ.

ಮೂರೇ ದಿನ. ಬಿಟ್ಟದ್ದೆಲ್ಲವನ್ನೂ ಮತ್ತೆ ಓಡಿಸಲು ಸಾಲದು. ಎಲ್ಲ ಕಂಪ್ಯೂಟರುಗಳಲ್ಲೂ ಆ ಫೈಲಿನ ವಿಳಾಸಗಳನ್ನು ತಿದ್ದಿದ ಮೇಲೆ ನಳಿನಿ ಬೋರ್ಡಿನ ಮೇಲಿದ್ದ ತನ್ನ ಸುಂದರ ಚೌಕಗಳನ್ನೆಲ್ಲ ಒರೆಸಿದಳು. ಈಗ ಎಲ್ಲರಿಗೂ ಎಲ್ಲರನ್ನೂ ಮುಖಾಮುಖಿ ಮಾಡುವ ಐಶ್ವರ್ಯವಿರಲಿಲ್ಲ. ಯಾವುದನ್ನು ಮೊದಲು ನೋಡಬೇಕು?

"ಭೀಮಾ ಜೊತೆ ಹೊಸ ಬ್ರೌಸರಾ ಅಕ್ಕ?" ಎಂದಳು ಕೃಪಾ. "ಗಿರಾಕಿಯ ಪಟ್ಟಿಯಲ್ಲಿ ಅದೇ ಮೇಲಿರುವುದು."

"ಅಲ್ಲ. ಮನ್ಯಾಗ ಒಲಿ ಹಳೇದು ಇದ್ದಾಕಿ ಹೊಸಾ ಕುಕ್ಕರ್ ಎಲ್ಲಿಂದ ತರ್ತಾಳ? ಸರ್ವರ್ ಬದಲಿ ಮಾಡಾಕ ರೊಕ್ಕ ಇಲ್ಲದ ದವಾಖಾನಿ ಮೇಜಿನ ಮ್ಯಾಲಿನ ಕಂಪ್ಯೂಟರೂ ಬದಲಿ ಮಾಡಿರಂಗಿಲ್ಲ. ಭೀಮಾ, ಹಳೇ ಬ್ರೌಸರ್. ಅದು ಮೊದಲು."

ಇನ್ನೊಂದು ಕಟ್ಟಳೆಯನ್ನೂ ಹಾಕಿದಳು. ಯಾವ ಪರೀಕ್ಷೆ ಓಡಿಸುವ ಮೊದಲೂ ಆ ಸರ್ವರಿನ ವೈರು ಕಿತ್ತು ಒಮ್ಮೆ ಓಡಿಸಬೇಕು. ಕೆಂಪಾದರೆ ಮಾತ್ರ ವೈರು ಹಚ್ಚಿ ಮುಂದೆ. ಕೆಂಪಾಗಲು ಬಾರದ ಪರೀಕ್ಷೆಯ ಹಸಿರನ್ನು ನಂಬುವಂತಿಲ್ಲ.

ಭೀಮಾ, ಹಳೆಯ ಬ್ರೌಸರ್. ವೈರು ಕಿತ್ತರು, ಕೆಂಪು. ವೈರು ಹಚ್ಚಿದರು. ಹಸಿರು, ಹಸಿರು, ಹಸಿರು, ಮತ್ತೆ ಕೆಂಪು. ಕೃಪಾ ಪುಟ ತೆರೆದು ನೋಡಿ ಬಾಯಿಗೆ ಕೈಯಿಟ್ಟುಕೊಂಡಳು. ಅರ್ಧ ಮಾತ್ರೆ, ಅಂದರೆ 0.5 ಎಂದು ಕಾಣಬೇಕಾದ ಕಡೆ ದಶಮಾಂಶದ ಚುಕ್ಕಿ ಮಾಯವಾಗಿ ಐದು ಮಾತ್ರೆ ಎಂದು ಕಾಣುತ್ತಿತ್ತು. ತಪ್ಪು ತಮ್ಮದೇ ಪುಟದ್ದು. ಹಳೆಯ ಸರ್ವರೂ ಹಳೆಯ ಬ್ರೌಸರೂ ಒಟ್ಟಿಗೆ ಕೂತಾಗ ಮಾತ್ರ ಹೊರಬೀಳುವಂಥದ್ದು.

ಪ್ರಜ್ವಲ ನಿಂತೇ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ. ಪ್ರೋಗ್ರಾಂ ಬರೆಯುವವರನ್ನು ಕರೆಯಲು ಫೋನ್ ಎತ್ತಿಕೊಂಡ.

ಶನಿವಾರ ಬೆಳಿಗ್ಗೆ ಅವಳು ಮನೆ ಬಿಟ್ಟಾಗ ಪೂರ್ವಿ ಇನ್ನೂ ಮಲಗಿದ್ದಳು. ತುಂಗಾದ ವೈರು ಹಿಡಿದು ನಿಂತಿದ್ದಾಗ ಮೋಹನನ ಫೋನ್ ಬಂತು.

"ನಳಿನೀ, ಇಕಿ ಬಿಳಿ ಡ್ರೆಸ್ ಎಲ್ಲೈತಿ? ಬಸ್ಸು ಬರೋ ಹೊತ್ತಾತು."

ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಕಪಾಟಿನ ಯಾವ ಹಲಗೆ, ಯಾವ ಫ್ರಾಕಿನ ಕೆಳಗೆ ಎಂಬುದೂ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಹುಡುಕ್ರಿ," ಎಂದಳು.

"ಅಲ್ಲ, ಹೇಳಿದ್ರ ಒಂದು ನಿಮಿಷದ ಕೆಲಸ..."

"ಇವತ್ತು ಹೇಳಿದ್ರ ಮುಂದಿನ ಶನಿವಾರನೂ ಫೋನ್ ಮಾಡ್ತೀರಿ. ಹುಡುಕ್ರಿ."

ಪೂರ್ವಿ ನೀಲಿ ಡ್ರೆಸ್ಸಿನಲ್ಲಿ ಶಾಲೆಗೆ ಹೋಗಿ ಡೈರಿಯಲ್ಲಿ ಬೈಗುಳ ಬರೆಸಿಕೊಂಡು ಬಂದಳು. ರಾತ್ರಿಯ ಅನ್ನ ತಳ ಹಿಡಿದಿತ್ತು. ಮೋಹನ ಅದನ್ನು ಬಡಿಸುವಾಗ ಮುಖ ಸಿಂಡರಿಸಿಕೊಂಡು, "ಅವ್ವ ಇದನ್ನೆಲ್ಲಾ ಹೆಂಗ ಮಾಡ್ತಿದ್ಲು? ಅಕಿಗೆ ಎಂಟು ಕೈ ಅದಾವೇನು?" ಎಂದ. "ಎರಡು ಕೈ, ಒಂದು ಮೊಣಕಾಲು," ಎಂದಳು ನಳಿನಿ. ಭಾನುವಾರ ಅವನೇ ಹಿಟ್ಟು ನಾದಿದ. ರೊಟ್ಟಿ ಹೈದರಾಬಾದಿನ ನಕ್ಷೆಯಂತೆ ಹರಡಿಕೊಂಡಿತು. ಶಂಶಾಬಾದಿನಿಂದ ಫೋನಿನಲ್ಲಿ ಜಯಮ್ಮ ಸೊಸೆಯನ್ನು ಕೇಳಿದರು: "ಹೆಂಗೈತಿ ಮನಿ? ಕೆಂಪಾತಾ?"

"ಕೆಂಪಂದ್ರ ಕೆಂಪು ಅತ್ತಿ. ಆದ್ರ ಖರೇ ಕೆಂಪು."

ಸೋಮವಾರದ ಕಾಲ್. ಉದ್ದ ಮೇಜಿನ ನಡುವೆ ಸ್ಪೀಕರ್ ಫೋನು. ಆ ಕಡೆ ಗಿರಾಕಿಯ ಪರವಾಗಿ ಮಾತಾಡುತ್ತಿದ್ದವಳು ಮೊದಲು ನರ್ಸಾಗಿದ್ದು ಆಮೇಲೆ ಈ ಕೆಲಸಕ್ಕೆ ಬಂದ ಹಿರಿಯ ಹೆಂಗಸು. ಪ್ರಜ್ವಲ ನಮಸ್ಕಾರ ಹೇಳಿ, ಫೋನನ್ನು ನಳಿನಿಯ ಕಡೆಗೆ ಸರಿಸಿದ.

ನಳಿನಿ ಸುತ್ತುಬಳಸಲಿಲ್ಲ. ತಾನು ಗುರುವಾರ ತಯಾರಿಸಿದ್ದ ವರದಿಯ ಹಸಿರು ಸುಳ್ಳೆಂದು ಹೇಳಿದಳು. ಎಲ್ಲ ಪರೀಕ್ಷೆಗಳೂ ಒಂದೇ ಸರ್ವರಿಗೆ ಹೇಗೆ ಹೋದವು, ಅದು ಹೇಗೆ ಸಿಕ್ಕಿತು, ಈ ಮೂರು ದಿನದಲ್ಲಿ ಏನನ್ನು ನೋಡಿದೆವು, ಏನನ್ನು ನೋಡಲು ಆಗಿಲ್ಲ, ಎಲ್ಲವನ್ನೂ. ಅರ್ಧ ಮಾತ್ರೆ ಐದಾದದ್ದನ್ನೂ ಹೇಳಿದಳು.

ಆ ಕಡೆಯಿಂದ ಪ್ರಶ್ನೆ ಬಂತು. "ಈ ತಪ್ಪು ಯಾರಿಂದ ಆಯಿತು?"

"ನನ್ನಿಂದ. ಮೊದಲ ಕಂಪ್ಯೂಟರ್ ಸಿದ್ಧ ಮಾಡಿದವಳು ನಾನು." ಮಗುವಿನ ಜ್ವರದ ಮಾತು ಅವಳು ಎತ್ತಲಿಲ್ಲ. ಎತ್ತಿದರೆ ತಪ್ಪು ತಾಯ್ತನ ಎಂಬುದರ ತಲೆಗೆ ಹೋಗುತ್ತದೆ, ಮುಂದೆ ಮಗುವಿರುವ ಇನ್ನೊಬ್ಬಳಿಗೆ ಈ ಕೋಣೆಯ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಇದು ಹೀಗೇ ಆಸ್ಪತ್ರೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದುಕೊಂಡಿದ್ದೀರಿ?"

"ಬಹುಶಃ ಏನೂ ಆಗುತ್ತಿರಲಿಲ್ಲ. ಯಾರೋ ಒಬ್ಬ ನರ್ಸ್, ಐದು ಮಾತ್ರೆಯೇ ಎಂದು ಅನುಮಾನಪಟ್ಟು, ನಿಲ್ಲಿಸಿ, ಡಾಕ್ಟರನ್ನು ಕೇಳುತ್ತಿದ್ದಳು. ನಾವು ಬಿಟ್ಟ ಪರೀಕ್ಷೆಯನ್ನು ಅವಳು ಮಾಡುತ್ತಿದ್ದಳು. ಅವಳ ಹೆಸರು ಯಾವ ವರದಿಯಲ್ಲೂ ಬರುತ್ತಿರಲಿಲ್ಲ. ಆದರೆ ಅದು ಅವಳ ಕೆಲಸ ಅಲ್ಲ. ನನ್ನದು."

ಆ ಕಡೆಯ ಹೆಂಗಸು ಒಂದು ಉಸಿರು ಬಿಟ್ಟದ್ದು ಫೋನಿನಲ್ಲಿ ಕೇಳಿಸಿತು. "ಎಷ್ಟು ದಿನ ಬೇಕು?" ಎಂದಳು.

ಒಂದು ವಾರ ಸಿಕ್ಕಿತು. ಪ್ರಜ್ವಲ ಲ್ಯಾಬಿನ ಮಾತೆತ್ತಲಿಲ್ಲ, ನಳಿನಿ ಕೇಳಲೂ ಇಲ್ಲ. ಎರಡು ದಿನ ಅವನು ಅವಳೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ. ಮೇಲಿನವರು ಅವನಿಗೆ ಏನೆಂದರೋ ಅವನು ಹೇಳಲಿಲ್ಲ. ತನಗೆ ಸಿಗಬೇಕಾದ್ದು ಕೈ ಜಾರಿತು ಎಂದು ಅವಳು ಒಂದು ಮಧ್ಯಾಹ್ನ ಬಚ್ಚಲುಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮುಖ ತೊಳೆದು ಬಂದು ಭೀಮಾದ ವೈರು ಕಿತ್ತಳು. ಕೆಂಪು ಬಂತು. ಹಚ್ಚಿದಳು. ಮುಂದಕ್ಕೆ ಹೋದಳು.

ರಿಲೀಸ್ ಹೊಸ ತಾರೀಖಿಗೆ ಹೋಯಿತು. ಹೊರಟ ವರದಿಯಲ್ಲಿ ಒಂದೆರಡು ಕೆಂಪುಗಳು ಉಳಿದೇ ಇದ್ದವು. ಯಾವ ಜೋಡಿಯಲ್ಲಿ, ಏಕೆ, ಅದರಿಂದ ಯಾರಿಗೂ ಏಕೆ ಅಪಾಯವಿಲ್ಲ ಎಂದು ಪಕ್ಕದಲ್ಲೇ ಬರೆದಿದ್ದಳು, ಕೆಳಗೆ ತನ್ನ ಹೆಸರು.

ಮರುವಾರ ಪ್ರಜ್ವಲ ಅವಳ ಮೇಜಿನ ಬಳಿ ಬಂದು ನಿಂತ. "ಇನ್ನೊಂದು ಪ್ರಾಜೆಕ್ಟ್ ಬರ್ತಿದೆ. ಇದಕ್ಕಿಂತ ದೊಡ್ಡದು. ಗಿರಾಕಿ ಕಡೆಯ ಆಯಮ್ಮ ಪ್ಲ್ಯಾನ್ ಯಾರು ಮಾಡ್ತಾರೆ ಅಂತ ಮೊದಲೇ ಕೇಳಿದ್ರು. ನಿಮ್ಮ ಹೆಸರು ಹೇಳಿದೀನಿ. ಲೀಡ್ ಅಂತ ಕಾಗದ ಬರೋಕೆ ಟೈಮ್ ಆಗುತ್ತೆ, ಮೇಲೆ ಇನ್ನೂ ಮುನಿಸಿದೆ. ಪ್ಲ್ಯಾನ್ ಯಾವಾಗ ಕೊಡ್ತೀರಿ?"

"ರಿಲೀಸ್ ತಾರೀಖು ಗೊತ್ತಾಗೈತೇನ್ರಿ?"

"ಇನ್ನೂ ಇಲ್ಲ. ನಾಳೆ ಮೀಟಿಂಗ್ ಇದೆ, ಅಲ್ಲಿ ಫಿಕ್ಸ್ ಮಾಡ್ತೀವಿ."

"ಹಂಗಾರ ಆ ಮೀಟಿಂಗಿಗೆ ನಾನೂ ಬರ್ತೀನಿ," ಎಂದಳು ನಳಿನಿ. "ಊಟಕ್ಕ ಎಷ್ಟು ಮಂದಿ ಅಂತ ನೀವು ಹೇಳ್ರಿ. ಎಷ್ಟೊತ್ತಿಗೆ ಎಲಿ ಹಾಕೋದು ಅಂತ ಅಡುಗಿ ಮಾಡಾಕಿ ಹೇಳ್ತಾಳ."

ಪ್ರಜ್ವಲ ಒಮ್ಮೆ ನಕ್ಕ. ಈ ಸಲ ಅವಳು ತಮಾಷೆ ಮಾಡುತ್ತಿಲ್ಲ ಎಂದು ಅವನಿಗೆ ತಿಳಿದಿತ್ತು. "ಹತ್ತೂವರೆಗೆ," ಎಂದ. "ದೊಡ್ಡ ಮೀಟಿಂಗ್ ರೂಮು. ಕುರ್ಚಿ ಸಾಲದೆ ಬರುತ್ತೆ, ಬೇಗ ಬನ್ನಿ."

ಲೀಡ್ ಎಂಬ ಕಾಗದ ಬರುವ ಹೊತ್ತಿಗೆ ಒಂದು ಯುಗಾದಿ ಕಳೆದಿತ್ತು. ಅಷ್ಟರಲ್ಲಿ ಆ ಕೋಣೆಯಲ್ಲಿ ಅವಳನ್ನು ಕೇಳದೆ ಯಾರೂ ತಾರೀಖು ಹೇಳುತ್ತಿರಲಿಲ್ಲ.